ಕಬಡ್ಡಿಗೆ ಜನ ಬಂದ ಶುಕ್ರವಾರ

ಸುಟ್ಟ ವೈರಿನ ವಾಸನೆ ಬಂದರೆ ಈಗಲೂ ಕುವೈತಿನ ಮಂಗಫ್‌ನ ಆ ಶುಕ್ರವಾರದ ಮಧ್ಯಾಹ್ನ ನೆನಪಾಗುತ್ತದೆ. ನಮ್ಮೂರವರ ಕಬಡ್ಡಿಗೆಂದು ಅಪ್ಪ ಮರಳಿನ ಮೈದಾನದಲ್ಲಿ ಕಲ್ಲು ಆರಿಸಿ ಸುಣ್ಣದ ಗೆರೆ ಎಳೆದಿದ್ದರು. ನೋಡಲು ಬಂದವರು ಅಮ್ಮ ಮತ್ತು ನಾನು ಮಾತ್ರ. ಉಳಿದವರೆಲ್ಲ ಎದುರಿನ ಹೋಟೆಲಿನ ಟಿವಿಯಲ್ಲಿ ಕ್ರಿಕೆಟ್ ನೋಡುತ್ತಿದ್ದರು.

ಅಪ್ಪ ಕರೆಯಲು ಹೋದಾಗ, "ಎರಡು ಓವರ್ ಉಂಟು ಮಾರಾಯ್ರೆ, ನಿಮ್ಮ ಕಬಡ್ಡಿ ಎಲ್ಲಿಗೆ ಓಡ್ತದೆ?" ಎಂದರು ಹೋಟೆಲಿನ ಶೇಖರಣ್ಣ.

ಅಪ್ಪ ಟಿವಿಯನ್ನು ಗೋಡೆಯಿಂದ ಕಿತ್ತು ನೆಲಕ್ಕೆ ಅಪ್ಪಳಿಸಿದರು, ಕಿಡಿ ಹಾರಿತು. ಶೇಖರಣ್ಣ ಅಪ್ಪನ ಕಾಲರ್ ಹಿಡಿದು ಮೈದಾನಕ್ಕೆ ಎಳೆದೊಯ್ದು ಮುಖಕ್ಕೆ ಗುದ್ದಿದರು. ಇಬ್ಬರೂ ಸುಣ್ಣದ ಗೆರೆಯ ಮೇಲೆ ಹೊರಳಾಡಿದರು. ಹೋಟೆಲಿಗೆ ಹೋಟೆಲೇ ಬಂದು ಸುತ್ತ ನಿಂತಿತು, ಬಾಲ್ಕನಿಗಳೂ ತುಂಬಿದವು.

"ಪೊಲೀಸ್ ಬಂದ್ರೆ ಊರಿಗೇ ಕಳಿಸ್ತಾರೆ, ಏಳಿ!" ಅಮ್ಮ ಕಿರುಚಿದರು.

ಅಪ್ಪ ರಕ್ತ ಉಗುಳಿ ಸುತ್ತ ಒಮ್ಮೆ ನೋಡಿದರು.

"ಜನ ಬಂತಲ್ಲ, ಶುರು ಮಾಡುವನಾ?"