ಹನ್ನೆರಡನೆಯ ಡಬ್ಬಿ

ಸೇತುವೆಯ ಕಂಬಿಯಲ್ಲಿದ್ದ ಹದಿನೇಳು ಬೋಲ್ಟುಗಳಲ್ಲಿ ಒಂದು ಮಾತ್ರ ಬೆರಳಿಗೆ ತಿರುಗಿತು. ಅಕ್ಕ ಕೈ ಹಿಂತೆಗೆದಳು. ಸೈಕಲ್ಲಿನವನೊಬ್ಬ ದಾಟಿಹೋಗುವವರೆಗೆ ನೀರು ನೋಡುವವಳಂತೆ ನಿಂತಳು. ಆಮೇಲೆ ಬೋಲ್ಟು ಬಿಚ್ಚಿ, ಅದರ ಟೊಳ್ಳಿನೊಳಗಿದ್ದ ಕಾಗದದ ಸುರುಳಿಯನ್ನು ಹೊರಗೆಳೆದಳು.

ಮನೆಗೆ ಬರುವಾಗ ಅವಳ ಫೋನಿನಲ್ಲಿ ಆ ಕಾಗದದ ಒಂದು ಚಿತ್ರವಿತ್ತು. ಹೆಸರುಗಳ ಪಟ್ಟಿಯ ಕೊನೆಯ ಸಾಲಿನಲ್ಲಿ ‘ಆಮೆ’. ಪಕ್ಕದಲ್ಲಿ ಗುರುವಾರದ ತಾರೀಖು. ಅಕ್ಷರಗಳು ಎಂದಿನಂತೆ ಬಲಕ್ಕೆ ವಾಲಿದ್ದವು.

ಆಮೆ ಎಂದರೆ ಅವಳ ತಮ್ಮ. ಲಿಫ್ಟ್ ರಿಪೇರಿಯವನು. ಹದಿನಾಲ್ಕು ತಿಂಗಳ ಹಿಂದೆ ಕೆಲಸಕ್ಕೆಂದು ಹೊರಟವನು ಕೆಲಸಕ್ಕೂ ಹೋಗಲಿಲ್ಲ, ಮನೆಗೂ ಬರಲಿಲ್ಲ. ಮೊದಮೊದಲು ಪೊಲೀಸರೇ ಬಂದು ಹೇಳುತ್ತಿದ್ದರು. ಆಮೇಲೆ ಇವರು ಹೋಗಿ ಕೇಳಬೇಕಾಯಿತು. ಈಗ ಇವರೂ ಹೋಗುವುದಿಲ್ಲ.

ಅವನಿಗಿದ್ದ ಹುಚ್ಚು ಒಂದೇ. ಯಾರೋ ಊರಿನಲ್ಲೆಲ್ಲೋ ಒಂದು ಡಬ್ಬಿ ಅಡಗಿಸಿ, ಫೋನಿನ ನಕ್ಷೆಯಲ್ಲಿ ಗುರುತು ಹಾಕುತ್ತಾರೆ. ಹುಡುಕಿದವರು ಒಳಗಿನ ಹಾಳೆಯಲ್ಲಿ ಅಡ್ಡಹೆಸರು, ತಾರೀಖು ಬರೆದು, ಡಬ್ಬಿಯನ್ನು ಅಲ್ಲೇ ಇಟ್ಟು ಬರಬೇಕು. ಬಹುಮಾನವಿಲ್ಲ, ಚಪ್ಪಾಳೆಯಿಲ್ಲ. ತನಗೆ ಸಿಕ್ಕಿದ್ದರಲ್ಲಿ ತೀರಾ ಇಷ್ಟವಾದ ಹನ್ನೆರಡನ್ನು ಅವನು ಒಂದು ನೋಟುಬುಕ್ಕಿನಲ್ಲಿ ಬರೆದಿಟ್ಟಿದ್ದ, ಯಾಕೆ ಇಷ್ಟ ಎನ್ನುವುದನ್ನೂ. ಮೂರನೆಯದು: “ಹುಡುಕಿ ಸಾಕಾಗಿ ಕೂತೆ. ಕೂತದ್ದೇ ಅದರ ಮೇಲೆ.” ಏಳನೆಯದು: “ಹಾಳೆಯನ್ನು ಜಿರಳೆ ತಿಂದಿದೆ, ನನ್ನ ಹೆಸರೊಂದನ್ನು ಬಿಟ್ಟು. ರುಚಿಯಿಲ್ಲವೇನೋ.” ಹನ್ನೊಂದನೆಯದು ಸೇತುವೆಯ ಬೋಲ್ಟು: “ದಿನಾ ಸಾವಿರ ಜನ ಕೈಯಿಟ್ಟು ಹೋಗುತ್ತಾರೆ.”

ತಿಂಗಳಿಗೊಂದರಂತೆ ಅಕ್ಕ ಹನ್ನೊಂದನ್ನೂ ನೋಡಿ ಬಂದಿದ್ದಳು. ಹನ್ನೊಂದರಲ್ಲೂ ಹೊಸ ತಾರೀಖು.

“ಸಿಕ್ತೇನೇ?” ಬಾಗಿಲಲ್ಲೇ ಅಮ್ಮ ಕೇಳಿದಳು.

“ಹ್ಞೂಂ. ಗುರುವಾರ ಬಂದಿದ್ದಾನೆ.”

ಅಮ್ಮ ಫೋನನ್ನು ಕಣ್ಣಿನಿಂದ ದೂರ ಹಿಡಿದು ನೋಡಿದಳು. “ಸೇತುವೆ ತನಕ ಬರೋಕೆ ಕಾಲಿದೆ, ಮನೆ ತನಕ ಬರೋಕೆ ನೋಯುತ್ತೇನೋ ಮಹರಾಯನಿಗೆ.” ಫೋನು ವಾಪಸು ಕೊಟ್ಟು, “ಬಾ, ತಟ್ಟೆ ಹಾಕ್ತೀನಿ” ಎಂದಳು.

ಹೀಗೆ ಹೆಸರು ಸಿಕ್ಕ ದಿನಗಳಲ್ಲಿ ಮಾತ್ರ ಅಮ್ಮ ಎರಡನೆಯ ಸಲ ಬಡಿಸಿಕೊಳ್ಳುತ್ತಿದ್ದಳು. ಅಕ್ಕ ಎದುರು ಕೂತು ತಾನೂ ತಿನ್ನುತ್ತಿದ್ದಳು. ಏನು ತಿಂದೆ ಎಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಗಾಜು ಉಜ್ಜುವ ಕೆಲಸ ಅವಳದು. ಈಚೆಗೆ ಒಳಗೂ ಯಾರೋ ಹಾಗೇ ಉಜ್ಜಿ ನುಣ್ಣಗೆ ಮಾಡಿಟ್ಟಂತಿತ್ತು. ಏನೂ ಅಂಟುತ್ತಿರಲಿಲ್ಲ.

ಹನ್ನೆರಡನೆಯದರ ಬಗ್ಗೆ ನೋಟುಬುಕ್ಕಿನಲ್ಲಿ ಇದ್ದದ್ದು ಇಷ್ಟೇ: “ಆಸ್ಪತ್ರೆಯ ಹಿಂದಿನ ತೋಟ. ಒಣಗಿದ ನಲ್ಲಿಯ ಬಳಿ ಇಟ್ಟಿಗೆ ಸಂದು. ಮೊದಲು ಕಂಡದ್ದು ನಾನಲ್ಲ. ಅದಕ್ಕೇ ಇಷ್ಟ.” ಜೊತೆಗೆ ಯಾರೋ ಗೆಳೆಯನಿದ್ದಿರಬೇಕು ಎಂದುಕೊಂಡಳು.

“ಇದೇ ಕೊನೇದಮ್ಮ,” ಎಂದಳು ಹೊರಡುವ ಹಿಂದಿನ ಭಾನುವಾರ. “ಇದಾದ ಮೇಲೆ ಎಲ್ಲಿ ಅಂತ ಹೋಗಲಿ?”

ಅಮ್ಮ ಹುಣಸೆಹಣ್ಣಿನ ಬೀಜ ಬಿಡಿಸುತ್ತಲೇ ಇದ್ದಳು.

ಮುಂದಿನ ಭಾನುವಾರ ಬಂತು. ಅಕ್ಕ ಬಸ್ಸಿಳಿದು, ಚೀಲದಿಂದ ಪೆನ್ನು ತೆಗೆದು, ಹತ್ತಿರದ ಕಸದ ಡಬ್ಬಕ್ಕೆ ಹಾಕಿದಳು. ಅದು ನೀಲಿ ಪೆನ್ನು. ಹನ್ನೊಂದು ಹಾಳೆಗಳಲ್ಲಿ ‘ಆಮೆ’ ಎಂದು ಬಲಕ್ಕೆ ವಾಲಿಸಿ ಬರೆದದ್ದು ಅದೇ.

ಮೊದಲನೆಯ ಡಬ್ಬಿಯಲ್ಲಿ ಅವನ ಹಳೆಯ ಹೆಸರು ಬಿಟ್ಟರೆ ಏನೂ ಇರಲಿಲ್ಲ. ಅಂದು ಅಮ್ಮ ನಾಲ್ಕು ದಿನದಿಂದ ಬರೀ ನೀರು ಕುಡಿದುಕೊಂಡಿದ್ದಳು. ಒಂದು ಸಲಕ್ಕೆಂದು ಬರೆದದ್ದು. ಆಮೇಲೆ ನಿಲ್ಲಿಸುವ ದಾರಿ ತೋಚಲಿಲ್ಲ. ಪ್ರತಿ ಸಲ ಪೆನ್ನು ಹಿಡಿದಾಗಲೂ, ತಾನೇ ಅವನನ್ನು ಇನ್ನಷ್ಟು ದೂರ ಕಳಿಸುತ್ತಿದ್ದೇನೋ ಎಂಬ ಅಳುಕು. ಇವತ್ತು ಹಾಳೆಯಲ್ಲಿ ಏನಿದೆಯೋ ಅದನ್ನೇ ಅಮ್ಮನಿಗೆ ಹೇಳಿಬಿಡುವುದು. ಆಮೇಲೆ ಆದದ್ದಾಗಲಿ.

ಇಟ್ಟಿಗೆ ಸರಿಸಿದಳು. ತಗಡಿನ ಡಬ್ಬಿ. ಮುಚ್ಚಳ ಓರೆಯಾಗಿ ಕೂತಿತ್ತು. ಹಾಳೆ ಬಿಡಿಸಿದಳು.

ಕೊನೆಯ ಸಾಲು: ಆಮೆ. ನಿನ್ನೆಯ ತಾರೀಖು.

ಎರಡು ಸಲ ಓದಿದಳು. ತಾನು ಬರೆದದ್ದಲ್ಲ. ನಿನ್ನೆ ಇಡೀ ದಿನ ಅಂಗಡಿಯಲ್ಲಿದ್ದಳು. ಅಕ್ಷರಗಳು ಬಲಕ್ಕೆ ವಾಲಿದ್ದವು, ಆದರೆ ನಡುಗಿದ್ದವು. ಹುಷಾರಿಲ್ಲವೇನೋ. ಚಳಿಯಲ್ಲಿ ಮಲಗುತ್ತಾನೇನೋ. ಮಡಚಿ ಕೂತು ಜೋಮು ಹಿಡಿದ ಕಾಲಿಗೆ ರಕ್ತ ಹರಿಯುವಾಗ ಚುಚ್ಚುತ್ತದಲ್ಲ, ಹಾಗೆ ಎದೆಯೊಳಗೆಲ್ಲ ಚುಚ್ಚತೊಡಗಿತು. ತೋಟದಲ್ಲಿ ಕೂತಿದ್ದ ಪ್ರತಿಯೊಬ್ಬನ ಮುಖವನ್ನೂ ಹೋಗಿ ನೋಡಿದಳು. ಸಂಜೆಯವರೆಗೆ ಕಾದಳು. ಬಸ್ಸಿನಲ್ಲಿ, ಯಾವ ನಾಚಿಕೆಯೂ ಇಲ್ಲದೆ, ಅತ್ತಳು.

ಅಮ್ಮ ಅಡುಗೆಮನೆಯಲ್ಲಿದ್ದಳು.

“ಅಮ್ಮ, ಒಂದು ಮಾತು ಹೇಳ್ತೀನಿ, ಬೈಬೇಡ. ಆ ಹನ್ನೊಂದೂ ನಾನೇ ಬರೆದಿದ್ದು. ನಿನಗೋಸ್ಕರ.” ಫೋನು ಮುಂದೆ ಹಿಡಿದಳು. “ಆದ್ರೆ ಇದು ನಾನಲ್ಲ. ಇದು ಅವನೇ. ನಿನ್ನೆ ಇಲ್ಲೇ ಇದ್ದ ಅಮ್ಮ. ಇದೇ ಊರಲ್ಲಿ.”

ಅಮ್ಮ ಫೋನು ನೋಡಲಿಲ್ಲ. ಮಗಳ ಮುಖ ನೋಡಿದಳು. ಆಮೇಲೆ ತಿರುಗಿ ಒಲೆಯ ಉರಿ ಸಣ್ಣ ಮಾಡಿದಳು.

“ಅವು ನಿನ್ನವೇ ಅಂತ ಮೊದಲನೇದರಿಂದಲೇ ಗೊತ್ತಿತ್ತು ಕಣೇ. ಆ ಒಂದೊಂದು ದಿನವಾದರೂ ನೀನು ನೆಟ್ಟಗೆ ಉಣ್ತಿದ್ದೆಯಲ್ಲ, ಅದಕ್ಕೇ ಸುಮ್ಮನಿದ್ದೆ.”

ಅಕ್ಕನ ಕೈ ಇನ್ನೂ ಮುಂದಕ್ಕೇ ಚಾಚಿತ್ತು.

“ಮುಚ್ಚಳ ಒತ್ತಿ ಹಾಕಿ ಬಂದ್ಯಾ?” ಎಂದಳು ಅಮ್ಮ. “ನನ್ನ ಕೈಲಿ ಆಗಲಿಲ್ಲ.”