ಹೆಲ್ಸಿಂಕಿಯ ಸೈರನ್

ಸೈರನ್ ಕೂಗಿದ್ದು ಹೆಲ್ಸಿಂಕಿಯಲ್ಲಿ. ಹೊಲಿಗೆ ಮಿಷನ್ ಮುಂದಿಂದ ಧಡಕ್ಕನೆದ್ದು ಚೀರಿದ್ದು ಬಳ್ಳಾರಿಯ ಜೀನ್ಸ್ ಕಾರ್ಖಾನೆಯಲ್ಲಿದ್ದ ಹೊನ್ನೂರಮ್ಮ.

"ಓಡು ಮೇಘಾ! ಗುಂಡಿ ಬಿಟ್ಟು ದೂರ ಓಡು!"

ಫೋನು ಪಕ್ಕದ ಮಿಷನ್ನಿನ ಸಾವಂತ್ರಮ್ಮನದು. ಊಟದ ಬಿಡುವಿನಲ್ಲಿ ಇಬ್ಬರೂ ತಲೆಗೆ ತಲೆ ತಾಗಿಸಿ ವಿಡಿಯೋ ಕಾಲ್ ನೋಡುತ್ತಿದ್ದರು. ಒಂದು ಕ್ಷಣದ ಹಿಂದೆ ಅದರಲ್ಲಿ ಹೊನ್ನೂರಮ್ಮನ ಮಗಳು ಮೇಘಾಳ ನಗುಮುಖ ಇತ್ತು. ಈಗ ಬರೀ ರಸ್ತೆ, ಆಕಾಶ, ಯಾರದೋ ಬೂಟು, ಮತ್ತೆ ರಸ್ತೆ. ಹುಡುಗಿ ಓಡುತ್ತಿದ್ದಳು. ಎಲ್ಲೋ ಟ್ರಾಮಿನ ಗಂಟೆ ಬಡಕೊಂಡಿತು. ಆಮೇಲೆ ಪರದೆ ಕಪ್ಪಾಯಿತು, ಸೈರನ್ ಮಾತ್ರ ಕೂಗುತ್ತಲೇ ಇತ್ತು.

ಮೇಘಾ ಫಿನ್‌ಲ್ಯಾಂಡಿನ ಆ ರಾಜಧಾನಿಗೆ ಹೋಗಿದ್ದು ವಾಲಿಬಾಲ್ ಆಡಲು. ಹುಡುಗಿಯರ ತಂಡವನ್ನು ಕರೆದುಕೊಂಡು ಹೋಗಿದ್ದವರು ಕೋಚ್ ಅರುಣಾ ಮೇಡಂ, ಸಿರುಗುಪ್ಪದವರು. ಹೋದಾಗಿನಿಂದ ಮೇಘಾ ದಿನಕ್ಕೊಂದು ಮೈದಾನ ತೋರಿಸುತ್ತಿದ್ದಳು. ಎತ್ತರದ ಬಿಳಿ ಗೋಪುರ ಇರುವ ಸ್ಟೇಡಿಯಂ ಒಂದು ದಿನ, ಹೊರಗೆ ಬಿಸಿಲಿದ್ದರೂ ಒಳಗೆ ನೆಲವೆಲ್ಲ ಐಸೇ ಆಗಿರುವ ಇನ್ನೊಂದು ಮರುದಿನ. "ಐಸ್ ಮ್ಯಾಲೆ ಆಡ್ತಾರಂತ, ಮೊಣಕಾಲು ಉಳೀತಾವೇನು?" ಎಂದು ಸಾವಂತ್ರಮ್ಮ ನಗಾಡಿದ್ದಳು. ಇವತ್ತು ಮ್ಯಾಚ್ ನಡೆಯುವ ಜಾಗ ಅಂತ ಮಗಳು ತೋರಿಸಿದ್ದು ಒಂದು ಕಲ್ಲುಗುಡ್ಡದ ಬಾಯಿ. ಗುಡ್ಡ ಕೊರೆದು ಕೆಳಕ್ಕೆ ಇಳಿಯುವ ದಾರಿ, ಅದರ ತಳದಲ್ಲಿ ಕೋರ್ಟು. ಇಳಿಯಬೇಡ ಅನ್ನಲು ಹೊನ್ನೂರಮ್ಮ ಬಾಯಿ ತೆರೆಯುವಷ್ಟರಲ್ಲಿ ಸೈರನ್ ಕೂಗಿಬಿಟ್ಟಿತು.

ಕುರುಗೋಡು ಕಡೆಯ ಕಲ್ಲು ಕ್ವಾರಿಗಳಲ್ಲಿ ಬೆಳೆದ ಯಾವ ಮಗುವನ್ನಾದರೂ ಕೇಳಿ ನೋಡಿ. ಸೈರನ್ ಅಂದರೆ ಈಗ ಮದ್ದು ಸಿಡಿಸುತ್ತಾರೆ ಅಂತ. ತುತ್ತು ಕೈಯಲ್ಲಿದ್ದರೂ ಬಿಸಾಕಿ, ಗುಂಡಿ ಹತ್ತಿ ದೂರ ಓಡಬೇಕು; ಯಾಕೆ, ಏನು ಅಂತ ನಿಂತು ಕೇಳುವ ಪುರುಸೊತ್ತಿಲ್ಲ. ಮೇಘಾ ಅಂಥ ಒಂದು ಕ್ವಾರಿಯ ಶೆಡ್ಡಿನಲ್ಲೇ ಹುಟ್ಟಿದವಳು. ಅವಳಪ್ಪ ಮಾರೆಣ್ಣ ಬ್ಲಾಸ್ಟಿಂಗಿಗೆ ಸಿಕ್ಕು ಅದೇ ಗುಂಡಿಯಲ್ಲಿ ಸತ್ತ ಮೇಲೆ ತಾಯಿ ಮಗಳು ಬಳ್ಳಾರಿ ಸೇರಿದ್ದು. ಜೀವ ಇರೋತನಕ ಇನ್ನು ಕಲ್ಲಿನ ಕೆಳಗೆ ಇಳಿಯಬಾರದು ಅಂತ ತಾಯಿ ಮಗಳಿಂದ ಆಣೆ ಹಾಕಿಸಿಕೊಂಡಿದ್ದಳು.

ಪರದೆಗೆ ಮತ್ತೆ ಬೆಳಕು ಬಂತು. ಮೇಘಾ ಏದುಸಿರು ಬಿಡುತ್ತಿದ್ದಳು, ಮೊಣಕೈ ತರಚಿತ್ತು. ಅವಳ ಹಿಂದೆ ಒಬ್ಬ ಮುದುಕಿ ನಾಯಿ ಹಿಡಕೊಂಡು ಆರಾಮಾಗಿ ನಡೆದು ಹೋಗುತ್ತಿದ್ದಳು. ಅಷ್ಟು ಜೋರಾಗಿ ಕೂಗಿದ ಸೈರನ್ನಿಗೆ ಆಕೆ ಕತ್ತು ಕೂಡ ಎತ್ತಿರಲಿಲ್ಲ.

"ಯಮ್ಮಾ, ಇಲ್ಲಿ ಯಾರೂ ಓಡಲಿಲ್ಲ. ನಾನೊಬ್ಬಾಕಿನೇ ಓಡಿದ್ದು."

"ಚಲೋ ಮಾಡ್ದಿ. ಅದರೊಳಗ ಕಾಲಿಟ್ಟಿ ಅಂದ್ರ ನನ್ನ ಹೆಣ ನೋಡ್ತಿ ನೀನು."

ಅರುಣಾ ಮೇಡಂ ಫೋನು ಇಸಕೊಂಡರು. ಹುಡುಗಿಯ ಬೆನ್ನು ಹತ್ತಿ ಓಡಿ ಅವರಿಗೂ ದಮ್ಮು ಹತ್ತಿತ್ತು. "ಹೊನ್ನೂರಮ್ಮ, ಇನ್ನೇನು ಮ್ಯಾಚ್ ಶುರು ಆಗ್ತೈತ್ರಿ. ಚೆಂಡು ಎತ್ತಿಕೊಡಾಕಿ ನಿಮ್ಮ ಮಗಳು. ಆಕಿ ಇಳಿಯಲಿಲ್ಲಂದ್ರ ನಾವು ಸೋತಂಗ."

"ಗುಡ್ಡದೊಳಗ ಆಡಿಸ್ತೀವಂತ ಮೊದ್ಲೇ ಯಾಕ ಹೇಳಲಿಲ್ರಿ ಮೇಡಂ?"

"ಹೇಳಿದ್ರ ಕಳಿಸ್ತಿದ್ರೇನು?"

ಹೊನ್ನೂರಮ್ಮ ಕಳಿಸುತ್ತಿರಲಿಲ್ಲ, ಅದು ಖರೆ.

"ಕೇಳ್ರಿ ಇಲ್ಲಿ. ಇದು ಮದ್ದಿನ ಸೈರನ್ ಅಲ್ಲ. ಯುದ್ಧ ಗಿದ್ಧ ಬಂದ್ರ ಇದನ್ನ ಕೂಗಿಸ್ತಾರ. ಕೂಗಿದ ಕೂಡ್ಲೇ ಮಂದಿ ಎಲ್ಲಾ ಓಡಿಬಂದು ಇಂಥ ಗುಡ್ಡದೊಳಗ ಕುಂದರಬೇಕು. ಜೀವ ಉಳಿಸಾಕಂತ ಕೊರೆದದ್ದು ಇದು. ಯುದ್ಧ ಇಲ್ಲದಾಗ ಖಾಲಿ ಯಾಕ ಬಿಡಬೇಕಂತ ಮಕ್ಕಳ್ನ ಆಡಿಸ್ತಾರ."

"ಸೈರನ್ ಕೂಗಿದ್ರ ಗುಂಡಿಯೊಳಗ ಹೋಗ್ತಾರಾ?" ಹೊನ್ನೂರಮ್ಮ ಹುಟ್ಟಿದಾಗಿನಿಂದ ತಿಳಕೊಂಡಿದ್ದೆಲ್ಲ ತಿರುಗುಮುರುಗು ಆದಂತಾಗಿ ಮಿಷನ್ ಹಿಡಕೊಂಡು ನಿಂತಳು. ಮರುಕ್ಷಣ ಬೇರೊಂದು ಭಯ ಹತ್ತಿತು. "ಹಂಗಾರ ಈಗ ಯುದ್ಧ ಬಂದೈತೇನು? ನನ್ನ ಮಗಳ್ನ ಯುದ್ಧದಾಗ ಕರಕೊಂಡು ಹೋಗೀರೇನ್ರಿ?"

"ಯಾವ ಯುದ್ಧನೂ ಇಲ್ರೀ ತಾಯಿ. ತಿಂಗಳ ಮೊದಲನೇ ಸೋಮವಾರ ಮಧ್ಯಾಹ್ನ ಸುಮ್ನ ಕೂಗಿಸ್ತಾರ. ಸರಿ ಐತೋ ಕೆಟ್ಟೈತೋ ನೋಡಾಕ. ನನಗೂ ಈಗ ಇಲ್ಲಿಯವ್ರು ಹೇಳಿದ್ರು."

"ಏನೂ ಆಗಿಲ್ಲಂದ್ರೂ?"

"ಏನೂ ಆಗಿಲ್ಲಂದ್ರೂ."

ಹೊನ್ನೂರಮ್ಮ ಹಿಡಕೊಂಡಿದ್ದ ಮಿಷನ್ ಬಿಟ್ಟು ಕೂತಳು. "ಹುಡುಗಿ ಕೈಯಾಗ ಕೊಡ್ರಿ," ಅಂದಳು.

"ಒಳಗ ಹೋಗ್ಲೇನಮ್ಮ?"

"ಹೋಗು. ಆ ಮಂದಿ ಕೈಯಾಗ ನಿನಗೇನೂ ಆಗಂಗಿಲ್ಲ. ಹೋಗಿ ಆಡು."

ಫೋನು ಆರಿತು. ಬಿಡುವು ಮುಗಿದು ಸುತ್ತಲಿನ ಮಿಷನ್‌ಗಳು ಒಂದೊಂದಾಗಿ ಶುರುವಾದವು. ಸಾವಂತ್ರಮ್ಮನಿಗೆ ಇದು ತಲೆಬುಡ ತಿಳಿಯಲಿಲ್ಲ. "ಈಗ ಹೆಣ ನೋಡ್ತಿ ಅಂತಿದ್ದಿ. ಇಷ್ಟರಾಗ ಹೆಂಗ ಬಿಟ್ಟೆವ್ವ ಅದರೊಳಗ?" ಅಂದಳು.

ಹೊನ್ನೂರಮ್ಮ ಅರ್ಧ ಹೊಲಿದಿದ್ದ ಪ್ಯಾಂಟನ್ನು ಸೂಜಿಯ ಕೆಳಗೆ ಎಳಕೊಂಡಳು. ಆದರೆ ಕಾಲು ಪೆಡಲ್ಲಿನ ಮೇಲೆ ಹೋಗಲಿಲ್ಲ.

"ಏನೂ ಆಗದಿದ್ರೂ ಅಲ್ಲಿ ತಿಂಗಳ ತಿಂಗಳ ಸೈರನ್ ಕೂಗಿಸಿ ನೋಡ್ತಾರಂತ, ಸಾವಂತ್ರಮ್ಮ," ಅಂದಳು. "ನಮ್ಮ ಕ್ವಾರಿದು ಕೆಟ್ಟೈತಂತ ಗೊತ್ತಾಗಾಕ ಮಾರೆಣ್ಣನೇ ಸಾಯಬೇಕಾತು."