ಮುಳುಗಿದ ಹನಿ

ಗೊಬ್ಬರದ ಅಂಗಡಿಯಲ್ಲಿ ಮೈಲುತುತ್ತದ ನೀಲಿ ಹರಳು ಕಂಡರೆ ಇಂದಿಗೂ ನನಗೆ ಅಮ್ಮನ ಬೆರಳು ನೆನಪಾಗುತ್ತದೆ.

ಭದ್ರಾವತಿಯ ನಮ್ಮ ಶಾಲೆಯಲ್ಲಿ ಆ ಮಧ್ಯಾಹ್ನ ರಕ್ತದಾನ ಶಿಬಿರವಿತ್ತು. ನನ್ನನ್ನು ಹೆತ್ತಾಗ ಯಾರೋ ಕೊಟ್ಟ ರಕ್ತದಿಂದ ಉಳಿದಿದ್ದ ಅಮ್ಮ, ತಾನೂ ಕೊಡಲೇಬೇಕೆಂದು ಹಟ ಹಿಡಿದಿದ್ದಳು. ಮೊದಲು ಒಂದು ಹನಿ ರಕ್ತವನ್ನು ಮೈಲುತುತ್ತದ ನೀರಿಗೆ ಬಿಡುತ್ತಿದ್ದರು. ಹನಿ ಮುಳುಗಿದರೆ ರಕ್ತದಲ್ಲಿ ಸಾಕಷ್ಟು ಸತ್ವವಿದೆ ಎಂದರ್ಥ; ಅಂಥವರಿಂದ ಮಾತ್ರ ರಕ್ತ ತೆಗೆಯುತ್ತಿದ್ದರು. ಹಿಂದಿನ ಸಲ ಅಮ್ಮನದು ತೇಲಿತ್ತು. ವರ್ಷವಿಡೀ ನುಗ್ಗೆಸೊಪ್ಪು ತಿಂದು ಮತ್ತೆ ಬಂದಿದ್ದಳು.

"ನಿನ್ನ ಮೈಯಲ್ಲಿ ರಕ್ತ ಎಲ್ಲಿದೆ ಮಾರಾಯ್ತಿ, ಸುಮ್ನೆ ಮನೆಗೆ ಬಾ," ಎಂದು ಅಜ್ಜಿ ಸೊಸೆಯ ಸೆರಗು ಜಗ್ಗಿದಳು.

ನರ್ಸ್ ಬೆರಳು ಚುಚ್ಚಿದರು. ಹನಿ ನೀಲಿಯೊಳಗೆ ಒಂದು ಕ್ಷಣ ತಡೆದು ನಿಂತಿತು. ಆಮೇಲೆ ನೆಟ್ಟಗೆ ತಳಕ್ಕಿಳಿಯಿತು.

"ಮುಳುಗ್ತು!" ಎಂದು ನಾನು ಕುಣಿದೆ.

ಅಜ್ಜಿ ಸಾಲಿನವರತ್ತ ತಿರುಗಿದಳು. "ನೋಡಿದ್ರೇನ್ರೀ? ನಮ್ಮ ಸೊಸೆ ಗುಂಡುಕಲ್ಲು!"